ಕೋಡುಬಳೆ ಬ್ಯಾಂಕಿನ ನೋಟು

ಮೊದಲೇ ಹೇಳಿಬಿಡುತ್ತೇನೆ: ಇದನ್ನು ನೀವು ನಂಬುವುದಿಲ್ಲ. ಪರವಾಗಿಲ್ಲ. ನಮ್ಮ ಕ್ಲಾಸಿನವರೂ ಮೊದಲು ನಂಬಿರಲಿಲ್ಲ. ಆಮೇಲೆ ಅವರೇ ನಮ್ಮ ಮನೆ ಬಾಗಿಲಲ್ಲಿ ಶೂ ಬಿಚ್ಚಿ, ಸಾಕ್ಸಿನಲ್ಲಿ ನಡುಗುತ್ತಾ ಸಾಲು ನಿಂತರು. ನೆದರ್ಲೆಂಡ್ಸಿನ ಹೂಫ್‌ಡಾರ್ಪ್ ಎಂಬ ಊರಿನಲ್ಲಿ, ಮೂರನೇ ಮಹಡಿಯ ನಮ್ಮ ಫ್ಲಾಟಿನಲ್ಲಿ, ಶೂ ಸ್ಟ್ಯಾಂಡಿಗೂ ಛತ್ರಿ ಬಕೆಟ್ಟಿಗೂ ನಡುವೆ, ಹದಿನೈದು ವರ್ಷದ ನಾನು ಒಂದು ಬ್ಯಾಂಕ್ ನಡೆಸಿದೆ. ಬರೀ ದುಡ್ಡಿಡುವ ಬ್ಯಾಂಕಲ್ಲ, ನೋಟು ಹೊರಡಿಸಿದ ಬ್ಯಾಂಕು. ನನ್ನ ನೋಟಿಗೆ ಸೈಕಲ್ ಪಂಕ್ಚರ್ ಹಾಕಿಕೊಟ್ಟವರಿದ್ದಾರೆ. ಕ್ಯಾಂಟೀನಿನ ಸಾಲಿನಲ್ಲಿ ಜಾಗ ಬಿಟ್ಟುಕೊಟ್ಟವರಿದ್ದಾರೆ. ಒಬ್ಬಳು ಒಂದು ನೋಟಿಗೋಸ್ಕರ ತನ್ನ ಫೋನಿನ ಚಾರ್ಜರನ್ನು ಇಡೀ ಒಂದು ಪೀರಿಯಡ್ ಬಿಟ್ಟುಕೊಟ್ಟಳು. ನಮ್ಮ ವಯಸ್ಸಿನವರಿಗೆ ಅದು ಕಿಡ್ನಿ ಕೊಟ್ಟಷ್ಟೇ ದೊಡ್ಡ ದಾನ.

ಶುರುವಾದದ್ದು ಇತಿಹಾಸದ ಕ್ಲಾಸಿನಲ್ಲಿ. ನಮ್ಮ ಇತಿಹಾಸದ ಮೇಷ್ಟ್ರು ಎಷ್ಟು ಎತ್ತರವೆಂದರೆ, ಹೊರಗೆ ಮಳೆ ಬಂದರೆ ಅವರಿಗೆ ನಮಗಿಂತ ಒಂದು ನಿಮಿಷ ಮೊದಲೇ ತಿಳಿಯುತ್ತದೆ. ಬಾಗಿಲು ದಾಟುವಾಗ ದೇವಸ್ಥಾನದ ಗರ್ಭಗುಡಿಗೆ ಬರುವವರ ಹಾಗೆ ತಲೆ ಬಗ್ಗಿಸಿಯೇ ಬರುತ್ತಾರೆ. ಅವತ್ತು ಬಂದವರೇ ಜೇಬಿನಿಂದ ಒಂದು ನೋಟು ತೆಗೆದು ಎತ್ತಿ ಹಿಡಿದರು. ಸ್ಕಾಟ್ಲೆಂಡಿನಿಂದ ತಂದದ್ದಂತೆ. ಅಲ್ಲಿ ಇವತ್ತಿಗೂ ಬೇರೆ ಬೇರೆ ಬ್ಯಾಂಕುಗಳು ತಮ್ಮ ತಮ್ಮ ಹೆಸರಿನಲ್ಲಿ ನೋಟು ಅಚ್ಚು ಹಾಕುತ್ತವಂತೆ. ನಾವೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿದೆವು. ನಾನು ಮೂಸಿಯೂ ನೋಡಿದೆ. ಮೇಷ್ಟ್ರ ಪರ್ಸಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

ಆಮೇಲೆ ಅವರು ಹೇಳಿದ ಕತೆ ನನ್ನ ತಲೆಯೊಳಗೆ ಹೊಕ್ಕಿತು, ಈಚೆ ಬರಲೇ ಇಲ್ಲ. ಹಿಂದೆ ನೋಟು ಎನ್ನುವುದು ಸರ್ಕಾರದ ಸ್ವತ್ತೇ ಆಗಿರಲಿಲ್ಲವಂತೆ. ಆಮ್‌ಸ್ಟರ್‌ಡ್ಯಾಮಿನ ವ್ಯಾಪಾರಿಗಳು ಬೆಳ್ಳಿ ನಾಣ್ಯದ ಚೀಲ ಹೊತ್ತು ತಿರುಗಿ ಸೊಂಟ ನೋವು ಬಂದು, ಅದನ್ನು ಕ್ಯಾಷಿಯರುಗಳ ಹತ್ತಿರ ಇಟ್ಟು ಚೀಟಿ ಬರೆಸಿಕೊಳ್ಳುತ್ತಿದ್ದರು. ಬೆಳ್ಳಿ ಪೆಟ್ಟಿಗೆಯಲ್ಲಿ ಮಲಗಿರುತ್ತಿತ್ತು, ಚೀಟಿ ಊರೆಲ್ಲ ಓಡಾಡುತ್ತಿತ್ತು. ಮೀನಿನವನು ಚೀಟಿ ತೆಗೆದುಕೊಂಡ, ಬಟ್ಟೆಯವನಿಗೆ ಕೊಟ್ಟ, ಬಟ್ಟೆಯವನು ಬಾಡಿಗೆ ಕಟ್ಟಿದ. ಬರಬರುತ್ತಾ ಸ್ವೀಡನ್ನು, ಸ್ಕಾಟ್ಲೆಂಡು, ಅಮೆರಿಕ, ನಮ್ಮ ಕಲ್ಕತ್ತ, ಎಲ್ಲ ಕಡೆ ಖಾಸಗಿ ಬ್ಯಾಂಕುಗಳು ತಾವೇ ನೋಟು ಹೊರಡಿಸಿದವು. ಒಂದು ಅಚ್ಚಿನ ಯಂತ್ರ, ಒಂದು ಗಟ್ಟಿ ಬಾಗಿಲು, ಒಂದು ದಪ್ಪ ಮೀಸೆ ಇದ್ದರೆ ಸಾಕು, ಬ್ಯಾಂಕು ರೆಡಿ. ಮೀಸೆ ನಾನು ಸೇರಿಸಿದ್ದು.

ಎಲ್ಲಕ್ಕಿಂತ ಮಜಾ ಅಮೆರಿಕದ ಕತೆ. ಅಲ್ಲಿ ಕೆಲವು ಬ್ಯಾಂಕುಗಳು ಯಾರೂ ಹುಡುಕಿಕೊಂಡು ಬರಲಾಗದ ಕಾಡಿನ ಮೂಲೆಯಲ್ಲಿ ಇರುತ್ತಿದ್ದವಂತೆ. ಬೆಳ್ಳಿ ಇದೆಯೋ ಇಲ್ಲವೋ ಎಂದು ನೋಡಲು ಇನ್‌ಸ್ಪೆಕ್ಟರ್ ಬಂದರೆ, ಪೀಪಾಯಿಯ ತುಂಬ ಮೊಳೆ ಸುರಿದು, ಮೇಲೆ ಮಾತ್ರ ಒಂದು ಪದರ ಬೆಳ್ಳಿ ನಾಣ್ಯ ಹರಡಿ ತೋರಿಸುತ್ತಿದ್ದರಂತೆ. ಕ್ಲಾಸೆಲ್ಲ ನಕ್ಕಿತು. ನಾನು ನಗಲಿಲ್ಲ. ಒಳ್ಳೆ ಐಡಿಯಾ ಸಿಕ್ಕಾಗ ನಗುವವರು ಮುಂದೆ ಬರುವುದಿಲ್ಲ.

"ಜನ ಬರೀ ಕಾಗದವನ್ನ ಯಾಕೆ ನಂಬಿದ್ರು?" ಎಂದು ಮೇಷ್ಟ್ರು ಡಚ್ಚಿನಲ್ಲಿ ಕೇಳಿದರು. ನಾನು ಕೈ ಎತ್ತಿದೆ. ನನ್ನ ಕೈ ಯಾವಾಗಲೂ ನನ್ನ ಬುದ್ಧಿಗಿಂತ ಸ್ವಲ್ಪ ಮುಂಚೆ ಮೇಲೇಳುತ್ತದೆ.

"ಮೆನೇರ್, ಅದೇನ್ ದೊಡ್ಡ ವಿಷ್ಯ? ನಾನು ಮಾಡಿದ್ರೂ ನಂಬ್ತಾರೆ." ಮೆನೇರ್ ಅಂದರೆ ಇಲ್ಲಿಯ ಸಾರ್.

"ನೀನು?"

"ಎರಡು ವಾರ ಕೊಡಿ. ಇಡೀ ಕ್ಲಾಸು ನನ್ನ ನೋಟಲ್ಲೇ ವ್ಯವಹಾರ ಮಾಡುತ್ತೆ."

ಮೇಷ್ಟ್ರು ಅಷ್ಟೆತ್ತರದಿಂದ ನನ್ನನ್ನು ನೋಡಿ, "ಸರಿ. ಇದೇ ನಿನ್ನ ಸ್ಪ್ರೇಕ್‌ಬ್ಯೂರ್ಟ್" ಎಂದರು. ಅಂದರೆ ಕ್ಲಾಸಿನ ಮುಂದೆ ನಿಂತು ಮಾಡಬೇಕಾದ ಭಾಷಣ. "ಎರಡು ವಾರ ಬಿಟ್ಟು ಶುಕ್ರವಾರ ನಿನ್ನದೊಂದು ನೋಟು ಎತ್ತಿ ಹಿಡಿದು, ಇದು ಯಾರಿಗೆ ಬೇಕು ಅಂತ ಕೇಳ್ತೀನಿ. ಒಂದೇ ಒಂದು ಕೈ ಎದ್ರೂ ನಿಂಗೆ ಹತ್ತಕ್ಕೆ ಹತ್ತು. ಒಂದು ಕೈಯೂ ಏಳ್ಲಿಲ್ಲ ಅಂದ್ರೆ ನಾಲ್ಕು."

ಹತ್ತಕ್ಕೆ ಹತ್ತು! ಇದು ಎಷ್ಟು ದೊಡ್ಡ ಮಾತು ಅಂತ ಭಾರತದಲ್ಲಿ ಇರುವವರಿಗೆ ಅರ್ಥವಾಗುವುದಿಲ್ಲ. ಈ ದೇಶದಲ್ಲಿ ಹತ್ತು ಅಂಕ ಯಾರಿಗೂ ಬೀಳುವುದಿಲ್ಲ. ಏಳು ಬಂದರೆ ಮನೆಯಲ್ಲಿ ಕೇಕು ತರುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ನಾನು ಏಳು ತಂದರೆ ಅಪ್ಪ ನನ್ನ ಬೆನ್ನ ಹಿಂದೆ ನೋಡುತ್ತಾರೆ, "ಮಿಕ್ಕಿದ್ದು ಮೂರು ಎಲ್ಲಿ ಬಿಟ್ಬಂದೆ, ಬಸ್ಸಲ್ಲಾ?" ಎಂದು. ಇಷ್ಟು ವರ್ಷದಲ್ಲಿ ನಾನು ಏಳೂವರೆ ದಾಟಿದವಳಲ್ಲ. ಒಂದು ಹತ್ತು ಬಿದ್ದರೆ ಸಾಕು, ಆ ಪ್ರಶ್ನೆ ನಮ್ಮ ಮನೆಯಿಂದ ಶಾಶ್ವತವಾಗಿ ಹೊರಟುಹೋಗುತ್ತದೆ. ನನಗೆ ಆ ಹತ್ತು ಬೇಕಿತ್ತು. ಊಟ ನಿದ್ದೆಗಿಂತ ಬೇಕಿತ್ತು. ನಿದ್ದೆ ನಾನು ಬಿಟ್ಟಿರಲಿಲ್ಲ, ಅದು ಬೇರೆ ಮಾತು.

ಬ್ಯಾಂಕಿಗೆ ಬೆಳ್ಳಿ ಬೇಕಲ್ಲ? ನಮ್ಮಲ್ಲಿ ಬೆಳ್ಳಿಗಿಂತ ಒಳ್ಳೆಯದಿತ್ತು. ಮೈಸೂರಿನಿಂದ ಅಜ್ಜಿ ಕಳಿಸಿದ ಕೋಡುಬಳೆ. ಅಪ್ಪನ ಆಫೀಸಿನವರೊಬ್ಬರು ಊರಿಗೆ ಹೋಗಿ ವಾಪಸು ಬರುವಾಗ ಎರಡು ಸ್ಟೀಲ್ ಡಬ್ಬಿ ತಂದಿದ್ದರು. ಒಂದು ನನಗೂ ತಮ್ಮನಿಗೂ. ಇನ್ನೊಂದು ಮನೆಗೆ ಬಂದವರಿಗೆ. ಬಂದವರ ಡಬ್ಬಿಯನ್ನು ಅಮ್ಮ ಅವತ್ತೇ ಎಲ್ಲೋ ಬಚ್ಚಿಟ್ಟರು. ಅಮ್ಮ ಬಚ್ಚಿಟ್ಟದ್ದನ್ನು ನಾಯಿ ಬಿಟ್ಟರೂ ಹುಡುಕಲಾಗುವುದಿಲ್ಲ, ಹಾಗಾಗಿ ನಾವು ಅದನ್ನು ಮರೆತೇಬಿಟ್ಟೆವು. ನಮ್ಮ ಡಬ್ಬಿಯೇ ನನ್ನ ಖಜಾನೆ. ಅಜ್ಜಿಯ ಕೋಡುಬಳೆ ನಿಜವಾಗಿಯೂ ನಾಣ್ಯದ ಜಾತಿಯದು. ದುಂಡಗೆ, ಕೆಂಪಗೆ, ಒಂದೇ ಸೈಜು, ಕೆಡುವುದಿಲ್ಲ, ಕೆಳಗೆ ಬಿದ್ದರೆ ಟಣ್ ಎನ್ನುತ್ತದೆ. ಗಟ್ಟಿಯೋ ಗಟ್ಟಿ. ಒಂದನ್ನು ಸೈಕಲ್ಲಿನ ಬೆಲ್ಲಿಗೆ ಕಟ್ಟಿದರೆ ಟ್ರಾಮಿನವನೂ ದಾರಿ ಬಿಡುತ್ತಾನೆ.

ನೋಟನ್ನು ನಾನೇ ಬರೆದು, ಅಪ್ಪನ ಪ್ರಿಂಟರಿನಲ್ಲಿ ತೆಗೆದೆ. ನಡುವೆ ಅಜ್ಜಿಯ ಮುಖ. ಕೆಳಗೆ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಡಚ್ಚು: "ಈ ಚೀಟಿ ತಂದವರಿಗೆ, ಕೇಳಿದ ಕೂಡಲೇ, ಒಂದು ಗರಿಗರಿ ಕೋಡುಬಳೆ ಕೊಡಲಾಗುವುದು." ಹತ್ತು ಕೋಡುಬಳೆಯ ನೋಟೂ ಒಂದು ಮಾಡಿದೆ. ಅದರಲ್ಲಿ ಅಜ್ಜಿ ಸ್ವಲ್ಪ ನಗುತ್ತಾರೆ. ವಿಡಿಯೊ ಕಾಲಿನಲ್ಲಿ ತೋರಿಸಿದರೆ ಅಜ್ಜಿ ಕನ್ನಡಕ ಏರಿಸಿ ಕೇಳಿದ್ದು ಒಂದೇ ಪ್ರಶ್ನೆ:

"ಮೂಗು ಯಾಕೇ ಇಷ್ಟು ದಪ್ಪ ಬರ್ದಿದೀಯ? ನಾನೇನು ಗಣಪತೀನಾ?"

ಮುದ್ರೆಯ ವಿಷಯದಲ್ಲಿ ನಾನು ಬಹಳ ಜಾಣತನ ಮಾಡಿದೆ. ಯಾರೂ ನಕಲು ಮಾಡಲಾಗದ ಮುದ್ರೆ ಬೇಕಲ್ಲ? ಅಮ್ಮನ ಚಕ್ಕುಲಿ ಒರಳಿನಿಂದ ನಕ್ಷತ್ರದ ತೂತಿರುವ ಬಿಲ್ಲೆಯನ್ನು ತೆಗೆದು, ಅರಿಶಿನದ ನೀರಿನಲ್ಲಿ ಅದ್ದಿ, ಪ್ರತಿ ನೋಟಿಗೂ ಒತ್ತಿದೆ. ಇಡೀ ಹೂಫ್‌ಡಾರ್ಪ್‌ನ ಯಾವ ಅಂಗಡಿಯಲ್ಲೂ ಸಿಗದ ಸಾಮಾನು! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಕೈ ಸರಿಯಾಗಿ ಎಟುಕದೆ ಇದ್ದದ್ದರಿಂದ ತಮ್ಮನ ಕೈಲಿ ತಟ್ಟಿಸಿಕೊಂಡೆ.

ತಮ್ಮನಿಗೆ ಎಂಟು ವರ್ಷ. ಅವನನ್ನು ಖಜಾನೆಯ ಕಾವಲಿಗೆ ನೇಮಿಸಿದೆ. ಕೋಡುಬಳೆಯನ್ನು ಕದ್ದು ತಿನ್ನಲಾಗುವುದಿಲ್ಲ, ಕಡಿದರೆ ಪಕ್ಕದ ಮನೆಗೂ ಕೇಳಿಸುತ್ತದೆ, ಆದ್ದರಿಂದ ಭಯವಿಲ್ಲ ಎಂದುಕೊಂಡೆ. ನಮ್ಮ ತಮ್ಮ ಹೊಸ ವಿದ್ಯೆ ಕಂಡುಹಿಡಿದಿದ್ದಾನೆ ಎಂದು ಆಗ ಗೊತ್ತಿರಲಿಲ್ಲ. ಅವನು ಕೋಡುಬಳೆಯನ್ನು ಕಡಿಯುತ್ತಲೇ ಇರಲಿಲ್ಲ. ಬಾಯಲ್ಲಿಟ್ಟುಕೊಂಡು, ಅದು ಮೆತ್ತಗಾಗುವ ತನಕ, ತಪಸ್ಸಿಗೆ ಕೂತವನ ಹಾಗೆ ಚೀಪುತ್ತಿದ್ದ.

ಬ್ಯಾಂಕಿನ ವೇಳೆ: ಮಂಗಳವಾರ, ಗುರುವಾರ, ಸ್ಕೂಲು ಬಿಟ್ಟ ಮೇಲೆ. ಯಾಕೆಂದರೆ ಆ ಎರಡು ದಿನ ಮಾತ್ರ ಅಮ್ಮ ಟ್ರೇನ್ ಹತ್ತಿ ಯುಟ್ರೆಕ್ಟ್ ಆಫೀಸಿಗೆ ಹೋಗುತ್ತಾರೆ. ಮಿಕ್ಕ ದಿನ ಮನೆಯಿಂದಲೇ ಕೆಲಸ. ಅಮ್ಮ ಮನೆಯಲ್ಲಿದ್ದರೆ ಬ್ಯಾಂಕ್ ನಡೆಯುವುದು ಸಾಧ್ಯವೇ ಇಲ್ಲ. ನಮ್ಮ ಅಮ್ಮನ ಕೈಗೆ ಯಾವ ಮನುಷ್ಯ ಸಿಕ್ಕರೂ ಬರೀ ಹೊಟ್ಟೆಯಲ್ಲಿ ವಾಪಸು ಹೋಗುವುದಿಲ್ಲ. ಪಾರ್ಸೆಲ್ ಕೊಡಲು ಬಂದವನು ಸಹಿ ತೆಗೆದುಕೊಳ್ಳುವ ಮೊದಲು ಉಪ್ಪಿಟ್ಟು ತಿಂದಿರುತ್ತಾನೆ. ಕೊಳಾಯಿ ರಿಪೇರಿಯವನು ಒಮ್ಮೆ ಬಿಸಿಬೇಳೆಬಾತ್ ತಿಂದು, ಬಂದ ಕೆಲಸ ಮರೆತು ಹೋಗಿಬಿಟ್ಟ. ಹೀಗೆ ಬಿಟ್ಟಿಯಾಗಿ ಹಂಚುವವರ ಮುಂದೆ ನೋಟು ತಂದು ಕೋಡುಬಳೆ ತೆಗೆದುಕೊಂಡು ಹೋಗಿ ಎಂದರೆ ಯಾರು ತರುತ್ತಾರೆ?

ನನ್ನ ಮೊದಲ ಗಿರಾಕಿ ಪಕ್ಕದ ಮನೆಯ ಡಚ್ ಹುಡುಗ, ನನ್ನ ಕ್ಲಾಸಿನವನೇ. ನನ್ನ ಸೈಕಲ್ಲಿನ ಪಂಕ್ಚರ್ ಹಾಕಿಕೊಟ್ಟ, ನಾನು ಒಂದು ನೋಟು ಕೊಟ್ಟೆ. ಅವನು ಮುಂದೆ ಹಿಂದೆ ತಿರುಗಿಸಿ ನೋಡಿ, ಅಲ್ಲೇ ನಿಂತು, "ಈಗ್ಲೇ ಕೊಡು ನೋಡೋಣ" ಎಂದ. ತಮ್ಮ ಟಿಶ್ಯೂ ಹಾಸಿದ ತಟ್ಟೆಯಲ್ಲಿ ಒಂದು ಕೋಡುಬಳೆ ತಂದುಕೊಟ್ಟ. ಹುಡುಗ ಕಡಿದ. ಮುಖ ಕೆಂಪಗಾಯಿತು. ಕಣ್ಣಲ್ಲಿ ನೀರು ಬಂತು. ಮೂಗಿನಲ್ಲಿ ಬಂತು. ಕಿವಿಯಲ್ಲೂ ಬಂತೆಂದು ನಾನು ಈಗಲೂ ವಾದಿಸುತ್ತೇನೆ. ಆಮೇಲೆ, "ಲೆಕ್ಕರ್!" ಎಂದ. ರುಚಿಯಾಗಿದೆ ಎಂದರ್ಥ. "ನಿನ್ನ ಬ್ರೇಕೂ ಸರಿಯಿಲ್ಲ. ರಿಪೇರಿ ಮಾಡ್ಲಾ?"

ಇನ್ನೊಂದು ಅನುಕೂಲವಿತ್ತು. ನಾನು ಒಂದು ನಿಯಮ ಮಾಡಿದ್ದೆ: ಒಂದು ಸಲ ಬಂದರೆ ಒಂದೇ ಕೋಡುಬಳೆ, ಮಿಕ್ಕಿದ್ದಕ್ಕೆ ಇನ್ನೊಂದು ದಿನ ಬನ್ನಿ. ಡಚ್ ಮಕ್ಕಳು ಇದಕ್ಕೆ ತಕರಾರೇ ಮಾಡಲಿಲ್ಲ. ಅವರ ಮನೆಗಳಲ್ಲಿ ಕಾಫಿಯ ಜೊತೆ ಬಿಸ್ಕತ್ತಿನ ಡಬ್ಬಿ ಬರುತ್ತದೆ, ಒಂದು ತೆಗೆದುಕೊಂಡ ಕೂಡಲೇ ಮುಚ್ಚಳ ಟಪ್ ಎಂದು ಮುಚ್ಚುತ್ತದೆ. ಹುಟ್ಟಿದಾಗಿನಿಂದ ಅವರು ನನ್ನ ಬ್ಯಾಂಕಿಗೆ ತಯಾರಾಗಿದ್ದರು.

ತಕರಾರು ಮಾಡಿದವನು ಒಬ್ಬನೇ. ನಮ್ಮ ಮೇಲಿನ ಮನೆಯ ಹುಡುಗ. ಹುಬ್ಬಳ್ಳಿಯವರು. ಅವನೂ ನನ್ನ ಕ್ಲಾಸೇ.

"ಒಂದs? ಏನವ್ವಾ ಮ್ಯಾನೇಜರ್, ಒಂದ ಕೊಡಾಕ ನಾಚಿಕಿ ಬರಂಗಿಲ್ಲೇನು? ನಮ್ಮ ಮನ್ಯಾಗ ಒಂದ ಕೊಟ್ರ ಬೈದಂಗ."

"ಬೈಸ್ಕೊಂಡು ತಿನ್ನೋದಾದ್ರೆ ತಿನ್ನು. ಇಲ್ಲಾಂದ್ರೆ ಬಾಗ್ಲು ಅಲ್ಲಿದೆ."

ತಿಂದ. ಅವನು ಬಾಗಿಲು ನೋಡುವ ಜಾತಿಯವನಲ್ಲ.

ಮೊದಲ ವಾರ ಮುಗಿಯುವಷ್ಟರಲ್ಲಿ ನಾನು ಬ್ಯಾಂಕಿನವರ ಪರಮ ರಹಸ್ಯವನ್ನು ಕಂಡುಕೊಂಡಿದ್ದೆ. ನೋಟು ಪಡೆದವರೆಲ್ಲ ಕೋಡುಬಳೆಗೆ ಬರುವುದಿಲ್ಲ! ಮೂರು ಮಹಡಿ ಹತ್ತುವುದಕ್ಕಿಂತ ಆ ನೋಟು ಕೊಟ್ಟು ಬೇರೆಯವರ ಕೈಲಿ ಗಣಿತ ಮಾಡಿಸಿಕೊಳ್ಳುವುದು ಅವರಿಗೆ ಸುಲಭ. ಹಾಗಾದರೆ ಡಬ್ಬಿಯಲ್ಲಿ ಇರುವಷ್ಟೇ ನೋಟು ಯಾಕೆ ಹೊರಡಿಸಬೇಕು? ಇನ್ನೊಂದಿಷ್ಟು ಪ್ರಿಂಟ್ ತೆಗೆದೆ. ಆಮೇಲೆ ಇನ್ನೊಂದಿಷ್ಟು. ಅಪ್ಪನ ಪ್ರಿಂಟರಿನಲ್ಲಿ ಇಂಕು ಮುಗಿದು, ಅಜ್ಜಿ ಒಂದು ಕಂತಿನಲ್ಲಿ ನೀಲಿಯಾಗಿ, ಮುಂದಿನ ಕಂತಿನಲ್ಲಿ ಹಸಿರಾಗಿ ಬಂದರು. ಜನ ಹಸಿರಜ್ಜಿಯನ್ನೂ ತೆಗೆದುಕೊಂಡರು. ನಾನು ಮುಖವನ್ನೇ ನೋಡಿರದ ಬೇರೆ ಕ್ಲಾಸಿನ ಹುಡುಗಿಯೊಬ್ಬಳು ಕ್ಯಾಂಟೀನಿನಲ್ಲಿ ನನ್ನ ನೋಟು ಕೊಟ್ಟು ಕಿಟಕಿ ಪಕ್ಕದ ಸೀಟು ಪಡೆದದ್ದನ್ನು ಕಣ್ಣಾರೆ ಕಂಡೆ. ಆ ಮಧ್ಯಾಹ್ನ ನಾನು ಸೈಕಲ್ ತುಳಿಯಲಿಲ್ಲ, ತೇಲಿಕೊಂಡು ಮನೆಗೆ ಬಂದೆ. ಮೇಲೆ ಸ್ಕಿಪೋಲ್ ಕಡೆಗೆ ಇಳಿಯುತ್ತಿದ್ದ ವಿಮಾನದವರು ನನ್ನನ್ನು ನೋಡಿ ದಾರಿ ಬಿಟ್ಟಿರಬೇಕು.

ಎರಡನೇ ವಾರ ಮಂಗಳವಾರ ಬಂದ ಒಂದು ನೋಟು ನನ್ನ ಕೈಯಲ್ಲಿ ಅಂಟಿದ ಹಾಗಾಯಿತು. ಅಜ್ಜಿ ಸರಿಯಾಗಿಯೇ ಇದ್ದರು, ನಕ್ಷತ್ರವೂ ಇತ್ತು, ಅರಿಶಿನವೂ ಇತ್ತು. ಮೂಸಿದೆ. ಘಮ್ಮೆಂದು ಶೇಂಗಾ ಚಟ್ನಿಪುಡಿ! ನಮ್ಮ ಮನೆಯಲ್ಲಿ ಅದನ್ನು ಮಾಡುವುದಿಲ್ಲ. ಈ ಕಟ್ಟಡದಲ್ಲಿ ಅದನ್ನು ಮೂರು ಹೊತ್ತೂ ತಿನ್ನುವವನು ಒಬ್ಬನೇ.

ಆಗ ಹೊಳೆಯಿತು ನನ್ನ ಜಾಣತನ. ಹೂಫ್‌ಡಾರ್ಪ್‌ನ ಯಾವ ಅಂಗಡಿಯಲ್ಲೂ ಸಿಗದ ಚಕ್ಕುಲಿ ಒರಳು, ಈ ಊರಿನ ಪ್ರತಿ ಕನ್ನಡದ ಮನೆಯಲ್ಲೂ ಇರುತ್ತದೆ! ಡಚ್ಚರು ತಲೆಕೆಳಗಾದರೂ ನಕಲು ಮಾಡಲಾಗದ ಮುದ್ರೆಯನ್ನು ಮಾಡಿ, ಅದರ ಅಚ್ಚನ್ನು ನಮ್ಮ ಶತ್ರುವಿನ ಅಡುಗೆಮನೆಯಲ್ಲೇ ಬಿಟ್ಟಿದ್ದೆ.

ಮೆಟ್ಟಿಲ ಮೇಲೆ ಅವನನ್ನು ಹಿಡಿದೆ. "ನಿಮ್ಮಮ್ಮನ ಒರಳು ತಗೊಂಡು ಏನೋ ಮಾಡ್ತಿದೀಯಾ?"

"ಚಕ್ಕಲಿ" ಎಂದ, ಕಣ್ಣು ಮಿಟುಕಿಸದೆ.

"ನೋಟಲ್ಲಿ ಶೇಂಗಾ ವಾಸ್ನೆ ಬರ್ತಿದೆ."

"ಯಾರ್ ಮುಂದ ಹೇಳ್ತೀ? ಹೇಳು. ಕಳ್ಳ ನೋಟು ಅದಾವ ಅಂತ ಗೊತ್ತಾತಂದ್ರ, ನಾಳಿಂದ ನಿನ್ನ ಖರೇ ನೋಟನೂ ಯಾರೂ ಮುಟ್ಟಂಗಿಲ್ಲ."

ಸರಿಯಾಗಿಯೇ ಹೇಳಿದ, ಅದೇ ಕೋಪ. "ನಿಂಗೇನೋ ಇದ್ರಿಂದ?"

ಅವನ ಮುಖ ಒಂದು ಕ್ಷಣ ಸಣ್ಣದಾಯಿತು. "ನಿನಗೇನವ್ವಾ, ನೀ ಹತ್ತು ತಗೊಂಡು ಆರಾಮ ಇರ್ತಿ. ನಮ್ಮವ್ವಗ ಗೊತ್ತಾತಂದ್ರ? ಕೆಳಗಿನ ಮನಿ ಹುಡುಗಿ ಹತ್ತು ತಂದಾಳ, ನೀ ಏನ್ ತಂದಿ ಅಂತ ದೀಪಾವಳಿ ತನಕ ಅದನ್ನ ಹಾಡಾಕಿ. ನನ್ನ ಜೀವಕ್ಕ ಬಂದೈತಿ."

ಅವನ ಕಷ್ಟ ನನಗೆ ಪೂರ್ತಿ ಅರ್ಥವಾಯಿತು. ಆದರೂ ಹತ್ತು ಹತ್ತೇ. ನಾನು ಅವನ ಕಳ್ಳ ನೋಟಿಗೂ ಕೋಡುಬಳೆ ಕೊಟ್ಟೆ, ನಗುನಗುತ್ತಾ. ಬೇರೆ ದಾರಿಯಿರಲಿಲ್ಲ.

ಆ ಸಂಜೆ ಡಬ್ಬಿ ತೆಗೆದು ನೋಡಿದರೆ ತಳ ಕಾಣುತ್ತಿತ್ತು. ಇಷ್ಟು ಬೇಗ ಹೇಗೆ? ತಮ್ಮನ ಕಡೆ ನೋಡಿದೆ. ಅವನ ಕೆನ್ನೆಯಲ್ಲಿ ಒಂದು ಬಳೆಯ ಆಕಾರ ಎದ್ದು ಕಾಣುತ್ತಿತ್ತು.

"ಬಾಯಲ್ಲೇನೋ?"

"Nothing, ಅಕ್ಕಾ."

"ನುಂಗು."

"Not soft yet" ಎಂದ.

ಬುಧವಾರ ಹುಬ್ಬಳ್ಳಿ ಹುಡುಗ ಕ್ಲಾಸಿನ ಗ್ರೂಪಿನಲ್ಲಿ ಒಂದೇ ಸಾಲು ಹಾಕಿದ: ಬ್ಯಾಂಕಿನ ಡಬ್ಬಿ ಖಾಲಿಯಂತೆ. ಇಷ್ಟೇ. ಮೇಷ್ಟ್ರು ಹೇಳಿದ ಎಲ್ಲ ಕತೆಗಳಲ್ಲೂ ಬ್ಯಾಂಕು ಮುಳುಗುವುದು ಹೀಗೆಯೇ. ಯಾರೋ ಒಬ್ಬ ಪಿಸುಗುಟ್ಟುತ್ತಾನೆ, ಮಾರನೇ ದಿನ ಊರೆಲ್ಲ ಬಾಗಿಲಲ್ಲಿರುತ್ತದೆ.

ಗುರುವಾರ ಸ್ಕೂಲಿನಿಂದ ಬಂದು ಬಾಲ್ಕನಿಯಿಂದ ಬಗ್ಗಿ ನೋಡಿದೆ. ಕೆಳಗೆ ಸೈಕಲ್ಲಿನ ಮೇಲೆ ಸೈಕಲ್ಲು. ನಮ್ಮ ಕಟ್ಟಡದವರು ಯಾರೋ ಸತ್ತರೆಂದುಕೊಂಡಿರಬೇಕು. ಎಲ್ಲರ ಕೈಯಲ್ಲೂ ಅಜ್ಜಿ: ನೀಲಿ ಅಜ್ಜಿ, ಹಸಿರು ಅಜ್ಜಿ, ಶೇಂಗಾ ಅಜ್ಜಿ. ಎಲ್ಲರಿಗೂ ಕೊಡುವಷ್ಟು ಕೋಡುಬಳೆ ಡಬ್ಬಿಯಲ್ಲಿರಲಿಲ್ಲ. ಒಬ್ಬರನ್ನು ಬರಿಗೈಯಲ್ಲಿ ಕಳಿಸಿದರೂ ನಾಳೆ ಕ್ಲಾಸಿನಲ್ಲಿ ಒಂದು ಕೈಯೂ ಏಳುವುದಿಲ್ಲ. ಈ ಸಂಜೆಯೊಂದು ದಾಟಿದರೆ ಹತ್ತು. ದಾಟದಿದ್ದರೆ ನಾಲ್ಕು, ಜೊತೆಗೆ "ಮಿಕ್ಕಿದ್ದು ಆರು ಎಲ್ಲಿ?"

ನಾನು ತಮ್ಮನ ಕೋಣೆಗೆ ಓಡಿ, ಅವನ ಲೆಗೋ ಇಟ್ಟಿಗೆಗಳ ಡಬ್ಬವನ್ನು ಎತ್ತಿಕೊಂಡು ಬಂದು, ಅಷ್ಟನ್ನೂ ಕೋಡುಬಳೆ ಡಬ್ಬಿಗೆ ಸುರಿದೆ. ಮೇಲೆ ಒಂದು ಪೇಪರ್ ಪ್ಲೇಟ್ ಮುಚ್ಚಿ, ಅದರ ಮೇಲೆ ಉಳಿದ ಕೋಡುಬಳೆಗಳನ್ನು ರಂಗೋಲಿ ಬಿಟ್ಟ ಹಾಗೆ ಜೋಡಿಸಿದೆ. ನೋಡಿದರೆ ತುಂಬಿ ತುಳುಕುವ ಖಜಾನೆ! ಆ ಅಮೆರಿಕದ ಕಾಡಿನವರು ಎದ್ದು ಬಂದು ನನ್ನ ಕೈ ಕುಲುಕಬೇಕಿತ್ತು.

"My fire truck is in there" ಎಂದು ತಮ್ಮ ಅಳಲು ಶುರು ಮಾಡಿದ.

"ನಾಳೆ ತೆಗ್ದುಕೊಡ್ತೀನಿ. ಈಗ ಅತ್ರೆ ನಿನ್ನ ಚೀಪೋ ವಿಷ್ಯ ಅಮ್ಮಂಗೆ ಹೇಳ್ತೀನಿ."

ಅಳು ನಿಂತಿತು. ಬಾಗಿಲು ತೆಗೆದೆ.

ಗಲಾಟೆಯೋ ಗಲಾಟೆ. ನಾನು ಡಬ್ಬಿಯ ಮುಚ್ಚಳ ತೆಗೆದು, ದೇವರ ಪಲ್ಲಕ್ಕಿ ತೋರಿಸುವ ಹಾಗೆ ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ತೋರಿಸಿದೆ. ಗಲಾಟೆ ಇಳಿಯಿತು. ಆಮೇಲೆ ಬ್ಯಾಂಕಿನವರ ಎರಡನೇ ಉಪಾಯ. ಕೊಡಬೇಕು, ಆದರೆ ಆಮೆ ನಾಚುವ ಹಾಗೆ ಕೊಡಬೇಕು. ಶೂ ಬಿಚ್ಚಿ. ಸರಿಯಾಗಿ ಜೋಡಿಸಿಡಿ. ಒಬ್ಬೊಬ್ಬರೇ ಹೋಗಿ ಕೈ ತೊಳೆದುಕೊಂಡು ಬನ್ನಿ. ಸೋಪು ಹಾಕಿದ್ರಾ? ನಾನು ನೋಟನ್ನು ಬೆಳಕಿಗೆ ಹಿಡಿದೆ. ಮೂಸಿದೆ. ಇನ್ನೊಂದು ಸಲ ಬೆಳಕಿಗೆ ಹಿಡಿದೆ. ತಮ್ಮ ತಟ್ಟೆಯಲ್ಲಿ ಒಂದು ಕೋಡುಬಳೆಯಿಟ್ಟು ಮದುವೆ ಹೆಣ್ಣಿನ ಹಾಗೆ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ತಂದ. ಹೊರಗಿನ ಕಾರಿಡಾರಿನಲ್ಲಿ ಗಾಳಿ ಕೊರೆಯುತ್ತಿತ್ತು. ಸಾಲಿನ ಹಿಂದಿನವರ ಹಲ್ಲು ಕಟಕಟ ಎನ್ನತೊಡಗಿತು.

ನನ್ನ ಮೊದಲ ಗಿರಾಕಿ, ಪಕ್ಕದ ಮನೆ ಹುಡುಗ, ತನ್ನ ಕೋಡುಬಳೆ ಕಡಿಯುತ್ತಾ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಡಬ್ಬಿ ತುಂಬಾ ಇದೆ. ನಾನೇ ನೋಡ್ದೆ. ಚಳೀಲಿ ಯಾಕೆ ನಿಲ್ಲೋದು? ನೋಟು ಇಟ್ಕೊಳ್ಳೋಣ, ನಾಳೆ ಕ್ಲಾಸಲ್ಲಿ ಉಪಯೋಗಕ್ಕೆ ಬರುತ್ತೆ."

ನಾಳೆ ಕ್ಲಾಸಲ್ಲಿ! ಅವನ ಬಾಯಿಗೆ ಸಕ್ಕರೆ ಹಾಕಬೇಕು ಎನಿಸಿತು. ಸಾಲು ಕರಗತೊಡಗಿತು. ಒಬ್ಬರ ಹಿಂದೆ ಒಬ್ಬರು ಶೂ ಹಾಕಿಕೊಂಡು ಇಳಿದರು. ಕೆಳಗೆ ಸೈಕಲ್ ಬೆಲ್ಲುಗಳು ಟ್ರಿಣ್ ಟ್ರಿಣ್ ಎಂದು ದೂರ ಹೋದವು. ಐದಾರು ಜನ ಉಳಿದರು. ನನ್ನ ಕಣ್ಣ ಮುಂದೆ ಆ ಹತ್ತು, ದೊಡ್ಡದಾಗಿ, ಕೆಂಪು ಇಂಕಿನಲ್ಲಿ, ಹೂವಿನ ಹಾರ ಹಾಕಿಕೊಂಡು ನಿಂತಿತ್ತು.

ಕೊನೆಯಲ್ಲಿ ಹುಬ್ಬಳ್ಳಿಯವನು ಮುಂದೆ ಬಂದ. ಕೈಯಲ್ಲಿ ಇಸ್ಪೀಟು ಕಟ್ಟಿನಷ್ಟು ನೋಟು.

"ನಾ ಕೈ ತೊಳಕೊಂಡೇನಿ, ಸೋಪೂ ಹಚ್ಚೇನಿ" ಎಂದ. "ಇವು ತೆಗದಿಡು. ಮೊದಲ ಆ ಡಬ್ಬಿ ಒಂದಿಷ್ಟು ಅಲ್ಲಾಡಸು ನೋಡೋಣು."

"ಯಾಕೆ?"

"ಕೋಡಬಳಿ ಸಪ್ಪಳ ನಾ ಹುಟ್ಟಿದಾಗಿಂದ ಕೇಳೇನಿ. ಅಲ್ಲಾಡಸು."

"ಅಲ್ಲಾಡಿಸಿದ್ರೆ ಮುರಿದುಹೋಗುತ್ತೆ. ಅಜ್ಜಿ ಕಷ್ಟಪಟ್ಟು ಮಾಡಿರೋದು."

"ಮುರದದ್ದೂ ನಾನs ತಿಂತೀನಿ. ಅಲ್ಲಾಡಸು."

ಅವನು ಡಬ್ಬಿಯ ಒಂದು ಕಡೆ ಹಿಡಿದ, ನಾನು ಇನ್ನೊಂದು ಕಡೆ ಹಿಡಿದೆ, ತಮ್ಮ ನನ್ನ ಸೊಂಟ ಹಿಡಿದ. ಪಕ್ಕದ ಮನೆ ಹುಡುಗ ಯಾರನ್ನು ಹಿಡಿಯಬೇಕೆಂದು ತಿಳಿಯದೆ ಛತ್ರಿ ಬಕೆಟ್ಟನ್ನು ಹಿಡಿದುಕೊಂಡ. ಸರಿಯಾಗಿ ಆಗ, ಹಿಂದಿನಿಂದ ಒಂದು ದನಿ:

"ಏನೇ ಇದು?"

ಅಮ್ಮ. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಕೂದಲೆಲ್ಲ ಗಾಳಿಗೆ ನಿಂತಿದೆ. ಜೋರು ಗಾಳಿಗೆ ಟ್ರೇನು ನಿಲ್ಲಿಸುತ್ತಾರೆಂದು ಆಫೀಸಿನಲ್ಲಿ ಎಲ್ಲರನ್ನೂ ಬೇಗ ಕಳಿಸಿಬಿಟ್ಟಿದ್ದರಂತೆ. ಅಮ್ಮ ನನ್ನನ್ನು ನೋಡಲಿಲ್ಲ, ಡಬ್ಬಿ ನೋಡಲಿಲ್ಲ, ನೋಟು ನೋಡಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಒಂದೇ: ಸಾಕ್ಸಿನಲ್ಲಿ ಚಳಿಗೆ ನಿಂತಿರುವ ಮಕ್ಕಳು.

"ಮಕ್ಕಳನ್ನ ಬಾಗ್ಲಲ್ಲಿ ನಿಲ್ಸಿದೀಯಲ್ಲೇ! ನಾಚ್ಕೆ ಆಗಲ್ವಾ ನಿಂಗೆ? ಬನ್ರೋ ಒಳಗೆ, come, come, sit. ಏನಾದ್ರೂ ಕೊಟ್ಟಾ ಇವ್ರಿಗೆ?"

"ಕೊಡಾಕತ್ತಾಳ್ರೀ ಆಂಟಿ, ಒಂದೊಂದ" ಎಂದ ಹುಬ್ಬಳ್ಳಿಯವನು, ಹಾಲು ಕುಡಿಯುವ ಕೂಸಿನ ಮುಖ ಮಾಡಿಕೊಂಡು.

"ಒಂದೊಂದಾ!"

ಜೀವನದಲ್ಲಿ ಅಮ್ಮನಿಗೆ ಇದಕ್ಕಿಂತ ದೊಡ್ಡ ಆಘಾತವಾದದ್ದನ್ನು ನಾನು ನೋಡಿಲ್ಲ. ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡರು. ನಾನು "ಅಮ್ಮ, ಬೇಡ, ಅದು..." ಎನ್ನುವಷ್ಟರಲ್ಲಿ ಊಟದ ಟೇಬಲ್ಲಿನ ದೊಡ್ಡ ತಟ್ಟೆಗೆ ಅದನ್ನು ಬೋರಲು ಹಾಕಿದರು.

ಧಡಧಡಧಡ ಎಂದು ಲೆಗೋ ಸುರಿಯಿತು. ಕೆಂಪು, ನೀಲಿ, ಹಳದಿ. ನಡುನಡುವೆ ಅಲ್ಲೊಂದು ಇಲ್ಲೊಂದು ಕೋಡುಬಳೆ. ಎಲ್ಲಕ್ಕಿಂತ ಕೊನೆಗೆ ಫೈರ್ ಎಂಜಿನ್ನು ಬಿದ್ದು, ಟೇಬಲ್ಲಿನ ಮೇಲೆ ಉರುಳಿಕೊಂಡು ಹೋಗಿ, ಹುಬ್ಬಳ್ಳಿಯವನ ಮುಂದೆ ನಿಂತಿತು.

"My fire truck!" ಎಂದ ತಮ್ಮ.

ಹುಬ್ಬಳ್ಳಿಯವನ ಮುಖದಲ್ಲಿ ಒಂದೇ ಸಲ ಯುಗಾದಿಯೂ ದೀಪಾವಳಿಯೂ ಬಂದಿದ್ದವು.

ಅಮ್ಮ ಲೆಗೋ ರಾಶಿಯನ್ನು ನೋಡಿದರು, ನನ್ನನ್ನು ನೋಡಿದರು, ಮಕ್ಕಳ ಕೈಯಲ್ಲಿದ್ದ ಅಜ್ಜಿಯನ್ನು ನೋಡಿದರು. ಒಂದು ನೋಟು ತೆಗೆದುಕೊಂಡು ಓದಿದರು. ಬೈಯಲಿ, ಕಿವಿ ಹಿಂಡಲಿ, ಏನಾದರೂ ಮಾಡಲಿ. ಮಾಡಬಾರದ್ದು ಒಂದೇ ಇತ್ತು. ಅದನ್ನೇ ಮಾಡಿದರು.

ಬಾತ್‌ರೂಮಿಗೆ ಹೋದರು. ವಾಷಿಂಗ್ ಮೆಷಿನ್ನಿನ ಹಿಂದೆ, ಸೋಪಿನ ಪುಡಿಯ ದೊಡ್ಡ ಪೆಟ್ಟಿಗೆ ಸರಿಸುವ ಸದ್ದು ಕೇಳಿತು. ಬರುವಾಗ ಅಮ್ಮನ ಎರಡೂ ಕೈಯಲ್ಲಿ ಬಂದವರ ಡಬ್ಬಿ, ಕಂಠದವರೆಗೆ ತುಂಬಿದ್ದು.

"ತಗೊಳ್ಳಿ, ತಗೊಳ್ಳಿ" ಎನ್ನುತ್ತಾ ಒಬ್ಬೊಬ್ಬರಿಗೂ ಬೊಗಸೆ ಬೊಗಸೆ ಹಾಕಿದರು. ಒಬ್ಬ ಹುಡುಗಿ ಪಾಪ, ಕ್ರಮ ಬಿಡಬಾರದೆಂದು ತನ್ನ ನೋಟು ಮುಂದೆ ಚಾಚಿದಳು. "ಚೀಟಿ ಯಾಕಮ್ಮಾ? ತಿನ್ನೋಕೆ ಚೀಟಿ ಬೇಕಾ? ಇನ್ಮೇಲೆ ಈ ಮನೇಲಿ ಚೀಟಿ ಗೀಟಿ ಏನೂ ಇಲ್ಲ. No paper. Eat."

ಪಕ್ಕದ ಮನೆ ಹುಡುಗ ಕಾರಿಡಾರಿಗೆ ಓಡಿ, ಕೆಳಗೆ ಬಗ್ಗಿ, ಈ ದೇಶದ ಜನರನ್ನು ಎಂಥ ನಿದ್ದೆಯಿಂದಲೂ ಎಬ್ಬಿಸುವ ಆ ಒಂದು ಮಾತನ್ನು ಕೂಗಿದ: "ಗ್ರಾಟಿಸ್!" ಬಿಟ್ಟಿ! ದೂರ ಹೋಗಿದ್ದ ಸೈಕಲ್ ಬೆಲ್ಲುಗಳೆಲ್ಲ ಟ್ರಿಣ್ ಟ್ರಿಣ್ ಎಂದು ವಾಪಸು ಬಂದವು.

"ಆಂಟಿ, ಇನ್ನೊಂದ ಚೂರ?" ಎಂದ ಹುಬ್ಬಳ್ಳಿಯವನು.

"ತಗೋ ಮಗಾ, ಅಮ್ಮಂಗೂ ತಗೊಂಡ್ಹೋಗು."

ನಾನು ಕೊನೆಯ ಪ್ರಯತ್ನ ಮಾಡಿದೆ. "ಅಮ್ಮಾ, ಪ್ಲೀಸ್, ನಾಳೆ ಒಂದು ದಿನ. ನಾಳೆ ಕ್ಲಾಸ್ ಮುಗ್ಯೋ ತನಕ ಯಾರಿಗೂ ಕೊಡ್ಬೇಡಿ. ನನ್ನ ಹತ್ತು ಅದ್ರಲ್ಲಿದೆ."

"ನಾಳೆ ಕ್ಲಾಸಾ?" ಅಮ್ಮನ ಮುಖ ಅರಳಿತು. "ಒಳ್ಳೇದಾಯ್ತು. ಮಿಕ್ಕಿದ್ದೆಲ್ಲ ಡಬ್ಬಿ ಸಮೇತ ತಗೊಂಡ್ಹೋಗು. ಮೇಷ್ಟ್ರಿಗೂ ಸೇರಿಸಿ ಎಲ್ರಿಗೂ ಹಂಚ್ಬಿಡು. ಒಂದೊಂದಲ್ಲ, ಕೈ ತುಂಬ!"

ಪಕ್ಕದ ಮನೆ ಹುಡುಗ ನನ್ನ ಕಡೆ ನೋಡಿ, ಕಣ್ಣಲ್ಲಿ ನೀರು ಸುರಿಸುತ್ತಾ, ಬಾಯಿ ತುಂಬ "ಲೆಕ್ಕರ್" ಎಂದ. ಆಮೇಲೆ ಜೇಬಿನಿಂದ ನನ್ನ ಹತ್ತರ ನೋಟು ತೆಗೆದು, ನಗುತ್ತಿದ್ದ ಅಜ್ಜಿಯಿಂದ ಬೆರಳಿನ ಎಣ್ಣೆ ಒರೆಸಿಕೊಂಡ.